ಮೊದಲು ಸ್ವಿಚ್ ಆಫ್ ಮಾಡಿ, ಆಮೇಲೆ ಮೆಸೇಜ್ ಹಾಕಿ

ಅಡ್ಮಿನ್: ಎಲ್ಲರಿಗೂ ನಮಸ್ಕಾರ ರೀ. ಇವತ್ತು ಭಾನುವಾರ, ಸರ್ವಿಸ್ ಅಣ್ಣ ಸಂಜೆವರೆಗೆ ಗ್ರೂಪಿನಲ್ಲಿ ಇರುತ್ತಾರೆ. ರಾಯಚೂರಿನಲ್ಲಿ ಇವರದು ಕಂಪ್ಯೂಟರ್ ರಿಪೇರಿ ಅಂಗಡಿ. ವಿಂಡೋಸ್ ಬದಲು ಲಿನಕ್ಸ್ (ಉಬುಂಟು, ಮಿಂಟ್ ಇಂಥವು) ಹಾಕಿಕೊಂಡವರು ಏನೇ ತೊಂದರೆ ಇದ್ದರೂ ಕೇಳಿ. ಯಂತ್ರದ ಮಾಡೆಲ್, ಯಾವ ಲಿನಕ್ಸ್, ಪರದೆ ಮೇಲೆ ಏನು ಬಂತು, ಮೂರೂ ಬರೆಯಿರಿ. ಫಾರ್ವರ್ಡ್ ಬೇಡ.

ಸಿಂಧನೂರು ಝೆರಾಕ್ಸ್: ಗುಡ್ ಮಾರ್ನಿಂಗ್ ಸರ್. ಕ್ಯಾನನ್ ಎಲ್‌ಬಿಪಿ 2900 ಪ್ರಿಂಟರ್. ಮಿಂಟ್ ಹಾಕಿದ ಮೇಲೆ ಲಿಸ್ಟಿನಲ್ಲಿ ಹೆಸರು ಬರುತ್ತೆ, ಪ್ರಿಂಟ್ ಕೊಟ್ಟರೆ ಕಾಗದ ಎಳೆಯಲ್ಲ.

ಮಾನ್ವಿಯಿಂದ: ಅಣ್ಣಾ, ಹಳೇ ಡೆಲ್ ಲ್ಯಾಪ್‌ಟಾಪ್, ಉಬುಂಟು. ವೈಫೈ ಕಾಣಿಸುತ್ತಲೇ ಇಲ್ಲ. ಒಳಗೆ ಬ್ರಾಡ್‌ಕಾಮ್ ಕಂಪನಿಯ ವೈಫೈ ಕಾರ್ಡ್ ಇದೆ ಅಂತ ಯಾರೋ ಹೇಳಿದರು.

ಸರ್ವಿಸ್ ಅಣ್ಣ: ಬ್ರಾಡ್‌ಕಾಮ್ ಅಂದರೆ ಇದೇ ಗೋಳು. ಡ್ರೈವರ್, ಅಂದರೆ ಕಾರ್ಡನ್ನು ನಡೆಸೋ ಸಾಫ್ಟ್‌ವೇರ್, ಬೇಕು ಅಂದರೆ ಇಂಟರ್‌ನೆಟ್ ಬೇಕು, ಇಂಟರ್‌ನೆಟ್ ಬೇಕು ಅಂದರೆ ಡ್ರೈವರ್ ಬೇಕು. ಫೋನನ್ನು ಯುಎಸ್‌ಬಿ ಕೇಬಲ್‌ನಿಂದ ಚುಚ್ಚಿ, ಫೋನಿನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ನೆಟ್ ಬರುತ್ತೆ. ಆಮೇಲೆ 'ಅಡಿಷನಲ್ ಡ್ರೈವರ್ಸ್' ತೆಗೆದು ಬ್ರಾಡ್‌ಕಾಮ್ ಆರಿಸಿ. ಸೆಕ್ಯೂರ್ ಬೂಟ್ (ಗುರುತಿಲ್ಲದ ಡ್ರೈವರ್ ತಡೆಯೋ ಕಾವಲು) ಆನ್ ಇದ್ದರೆ ನಡುವೆ ಒಂದು ಪಾಸ್‌ವರ್ಡ್ ಇಡಲು ಹೇಳುತ್ತೆ. ರೀಸ್ಟಾರ್ಟ್ ಆದಾಗ ನೀಲಿ ಪರದೆ ಬರುತ್ತೆ. ಎಲ್ಲರೂ ಹೆದರಿ 'ಕಂಟಿನ್ಯೂ' ಒತ್ತಿಬಿಡುತ್ತಾರೆ. ಒತ್ತಬೇಡಿ. 'ಎನ್‌ರೋಲ್ ಮೋಕ್' ಆರಿಸಿ, ಆ ಪಾಸ್‌ವರ್ಡ್ ಕೊಡಿ. ಇಲ್ಲದಿದ್ದರೆ ಡ್ರೈವರ್ ಇದ್ದೂ ಕೆಲಸ ಮಾಡಲ್ಲ. ಅಡ್ಮಿನ್, ಇದನ್ನು ಪಿನ್ ಮಾಡಿ.

ಮಾನ್ವಿಯಿಂದ: ಬಂತು ಅಣ್ಣಾ!! ನೀಲಿ ಪರದೆಯೇ ತಪ್ಪಾಗಿತ್ತು.

ಬಳ್ಳಾರಿ ಜೀನ್ಸ್: ಸರ್, ನಮ್ಮದು ಪ್ಯಾಂಟ್ ಹೊಲಿಯೋ ಯೂನಿಟ್. ಬಿಲ್ಲಿಂಗ್ ಕಂಪ್ಯೂಟರಿಗೆ ಹೋದ ವರ್ಷ ಮಿಂಟ್ ಹಾಕಿಸಿದ್ದೆ. ಈಗ ಮಧ್ಯಾಹ್ನ ಆದರೆ ಸಾಕು, ತಾನೇ ಆಫ್ ಆಗುತ್ತೆ. ಬೆಳಿಗ್ಗೆ ಚೆನ್ನಾಗಿರುತ್ತೆ. ಲಿನಕ್ಸ್ ತೆಗೆದು ವಿಂಡೋಸ್ ಹಾಕಿದರೆ ಸರಿ ಹೋಗುತ್ತಾ?

ಸರ್ವಿಸ್ ಅಣ್ಣ: ಇಲ್ಲ. ಲಿನಕ್ಸ್ ಪಾಪ ಏನೂ ಮಾಡಿಲ್ಲ. ಕ್ಯಾಬಿನೆಟ್ ಬಿಚ್ಚಿ, ಪ್ರೊಸೆಸರ್ ಫ್ಯಾನ್ ಕೆಳಗೆ ನೋಡಿ. ನೀಲಿ ಬಟ್ಟೆಯ ತುಪ್ಪಳ ಕಂಬಳಿ ಹಾಗೆ ಕೂತಿರುತ್ತೆ. ಬಳ್ಳಾರಿಯಿಂದ ಬಂದ ಯಂತ್ರಗಳಲ್ಲಿ ನಾನು ಮೊದಲು ನೋಡೋದೇ ಅದು. ಸಂಡೂರು ಗಣಿ ಕಡೆಯದಾದರೆ ಕೆಂಪು ಧೂಳು, ನಿಮ್ಮದಾದರೆ ನೀಲಿ ನಾರು. ಗಾಳಿ ಆಡಲ್ಲ, ಬಿಸಿ ನೂರು ಡಿಗ್ರಿ ಹತ್ತಿರ ಹೋಗುತ್ತೆ, ಪ್ರೊಸೆಸರ್ ಸುಡಬಾರದು ಅಂತ ಯಂತ್ರ ತಾನೇ ಆಫ್ ಆಗುತ್ತೆ. ಬ್ರಶ್‌ನಿಂದ ತೆಗೆಯಿರಿ, ಬ್ಲೋವರ್ ಹಿಡಿಯುವಾಗ ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ. ಥರ್ಮಲ್ ಪೇಸ್ಟ್ ಒಣಗಿದ್ದರೆ ಹೊಸದು ಹಚ್ಚಿಸಿ.

ಸಿರುಗುಪ್ಪದ ತಮ್ಮ: ಥರ್ಮಲ್ ಪೇಸ್ಟ್ ಇಲ್ಲದಿದ್ದರೆ ಹಲ್ಲುಜ್ಜೋ ಪೇಸ್ಟ್ ಹಚ್ಚಬಹುದು ಅಣ್ಣಾ, ವಿಡಿಯೋ ಇದೆ, ಹಾಕ್ತೀನಿ ನೋಡಿ.

ಸರ್ವಿಸ್ ಅಣ್ಣ: ಹಾಕಬೇಡ. ಎರಡು ದಿನದಲ್ಲಿ ಒಣಗಿ ಸುಣ್ಣ ಆಗುತ್ತೆ ಅದು.

ಲಿಂಗಸುಗೂರಿನಿಂದ: ಮೇಲ್ ಓದೋ ಪ್ರೋಗ್ರಾಮ್ ಥಂಡರ್‌ಬರ್ಡ್‌ನಲ್ಲಿ ಜಿಮೇಲ್ ಪಾಸ್‌ವರ್ಡ್ ಮತ್ತೆ ಮತ್ತೆ ಕೇಳುತ್ತೆ. ಪಾಸ್‌ವರ್ಡ್ ಸರಿಯಾಗಿಯೇ ಇದೆ ಸರ್, ಬ್ರೌಸರಿನಲ್ಲಿ ತೆಗೆಯುತ್ತೆ.

ಸರ್ವಿಸ್ ಅಣ್ಣ: 2022ರ ಮೇ ತಿಂಗಳ ಕೊನೆಗೆ ಗೂಗಲ್ ಅದನ್ನು ನಿಲ್ಲಿಸಿತು. ಬರೀ ಪಾಸ್‌ವರ್ಡ್ ಕೊಟ್ಟರೆ ಬೇರೆ ಪ್ರೋಗ್ರಾಮನ್ನು ಒಳಗೆ ಬಿಡಲ್ಲ. ಅಕೌಂಟ್ ಸೆಟ್ಟಿಂಗ್ಸ್, ಸರ್ವರ್ ಸೆಟ್ಟಿಂಗ್ಸ್, ಅಥೆಂಟಿಕೇಷನ್ ಅನ್ನೋ ಕಡೆ ಓಆಥ್2 (ಗೂಗಲ್ ಪುಟದಲ್ಲೇ ಲಾಗಿನ್ ಆಗೋ ದಾರಿ) ಆರಿಸಿ. ಮೇಲ್ ಕಳಿಸುವ ಎಸ್‌ಎಂಟಿಪಿಗೂ ಬೇರೆಯಾಗಿ ಹಾಗೇ ಮಾಡಿ. ಅದನ್ನೇ ಎಲ್ಲರೂ ಮರೆಯುತ್ತಾರೆ.

ಗಂಜ್ ಅಡತಿ ಅಂಗಡಿ: ಸರ್ ನಮಸ್ಕಾರ. ರಾಯಚೂರು ಗಂಜ್‌ನಲ್ಲಿ ನಮ್ಮ ಸಾಹುಕಾರರದು ಹತ್ತಿ ಅಡತಿ ಅಂಗಡಿ. ನಾನು ಲೆಕ್ಕ ಬರೆಯೋನು. ಉಬುಂಟು ಕಂಪ್ಯೂಟರ್. ನಿನ್ನೆ ಕರೆಂಟ್ ಹೋಗಿ ಬಂತು. ಆಮೇಲೆ ಕಪ್ಪು ಪರದೆ, 'ಇನಿಟ್‌ರಾಮ್‌ಎಫ್‌ಎಸ್' ಅಂತ ಬಂದು ನಿಂತಿದೆ. ಬ್ರಾಕೆಟ್‌ನಲ್ಲಿ ಬರುತ್ತೆ. ಮಿಲ್‌ಗಳ ಜೊತೆಗಿನ ಒಂಬತ್ತು ವರ್ಷದ ಮೇಲ್ ಎಲ್ಲ ಅದರೊಳಗೆ ಥಂಡರ್‌ಬರ್ಡ್‌ನಲ್ಲಿದೆ. ಇದೇ ಗ್ರೂಪಿನಲ್ಲಿ ಹಿಂದೆ ಫಾರ್ವರ್ಡ್ ಬಂದಿತ್ತು, ಡಿಸ್ಕ್ ತಪ್ಪು ತಿದ್ದೋ ಕಮಾಂಡ್ ಎಫ್‌ಎಸ್‌ಸಿಕೆ ಮುಂದೆ ವೈ ಹಾಕಿ ಒತ್ತಿ ಅಂತ. ಒತ್ತಿದೆ. ಏನೇನೋ ಸಾಲು ಓಡುತ್ತಿದೆ. ಅರ್ಧ ಗಂಟೆ ಆಯಿತು. 'ಎರರ್ ರೀಡಿಂಗ್ ಬ್ಲಾಕ್' ಅಂತ ಜಾಸ್ತಿ ಬರುತ್ತಿದೆ.

ಸರ್ವಿಸ್ ಅಣ್ಣ: ಈಗಲೂ ಓಡುತ್ತಿದೆಯಾ?

ಗಂಜ್ ಅಡತಿ ಅಂಗಡಿ: ಹೌದು ಸರ್.

ಸರ್ವಿಸ್ ಅಣ್ಣ: ಪವರ್ ಬಟನ್ ಒತ್ತಿ ಹಿಡಿಯಿರಿ. ಆಫ್ ಆಗೋವರೆಗೂ ಬಿಡಬೇಡಿ. ಪ್ಲಗ್ ಕೀಳಿ. ಆಮೇಲೆ ಬರೆಯಿರಿ.

ಗಂಜ್ ಅಡತಿ ಅಂಗಡಿ: ಮಾಡಿದೆ ಸರ್. ಕೈ ನಡುಗುತ್ತಿದೆ.

ಸರ್ವಿಸ್ ಅಣ್ಣ: ನೀರು ಕುಡಿಯಿರಿ. ಈಗ ಸಮಾಧಾನವಾಗಿ ಓದಿ, ಉಳಿದವರೂ ಓದಿ.

ಕರೆಂಟ್ ಹೋಗಿ ಇನಿಟ್‌ರಾಮ್‌ಎಫ್‌ಎಸ್ ಬಂದರೆ, ಅಂದರೆ ಡಿಸ್ಕ್ ತೆರೆಯಲಾಗದೆ ಯಂತ್ರ ನಡುವೆಯೇ ನಿಂತರೆ, ಅದಕ್ಕೆ ಎರಡು ಕಾರಣ ಇರಬಹುದು. ಒಂದು, ಡಿಸ್ಕ್ ಗಟ್ಟಿಯಾಗಿದೆ, ಬರೆಯೋ ಹೊತ್ತಿಗೆ ಕರೆಂಟ್ ಹೋಗಿ ಲೆಕ್ಕ ತಪ್ಪಿದೆ. ನಿಮ್ಮ ಖಾತೆ ಪುಸ್ತಕದಲ್ಲಿ ಅರ್ಧ ಸಾಲು ಬರೆದು ಎದ್ದು ಹೋದ ಹಾಗೆ. ಅದಕ್ಕೆ ಎಫ್‌ಎಸ್‌ಸಿಕೆ ಸರಿಯಾದ ಮದ್ದು, ಹತ್ತು ನಿಮಿಷದ ಕೆಲಸ. ಇನ್ನೊಂದು, ಡಿಸ್ಕೇ ಸಾಯುತ್ತಿದೆ. ಪುಸ್ತಕದ ಹಾಳೆಗೇ ಗೆದ್ದಲು ಹತ್ತಿದೆ. 'ಎರರ್ ರೀಡಿಂಗ್ ಬ್ಲಾಕ್' ಅಂತ ಸಾಲು ಸಾಲು ಬಂತು ಅಂದಿರಲ್ಲ, ಅದು ಎರಡನೆಯದರ ಲಕ್ಷಣ. ಆಗ ಆ ಪ್ರೋಗ್ರಾಮ್ ಪ್ರತಿ ಸಲ ಎರಡು ಪ್ರಶ್ನೆ ಕೇಳುತ್ತೆ: ಈ ತಪ್ಪು ಬಿಟ್ಟು ಮುಂದೆ ಹೋಗಲಾ? ಓದಲು ಆಗದ ಜಾಗದ ಮೇಲೆ ಮತ್ತೆ ಬರೆಯಲಾ? ವೈ ಹಾಕಿದರೆ ಎಲ್ಲದಕ್ಕೂ ನೀವು ಮೊದಲೇ ಹೂಂ ಅಂದ ಹಾಗೆ. ಓದಲು ಬಾರದ ಹಾಳೆಯ ಮೇಲೆಯೇ ಅದು ಬರೆಯುತ್ತಾ ಹೋಗುತ್ತೆ. ನಾಳೆ ನಾನು ಒದ್ದಾಡಿ ಓದಬಹುದಾಗಿದ್ದನ್ನು ಇವತ್ತೇ ಅಳಿಸಿತು. ಫಾರ್ವರ್ಡ್ ಮಾಡಿದವರಿಗೆ ಈ ವ್ಯತ್ಯಾಸ ಗೊತ್ತಿಲ್ಲ.

ಡಿಸ್ಕ್ ಆನ್ ಇದ್ದಾಗ ಟಕ್ ಟಕ್ ಸದ್ದು ಇತ್ತಾ?

ಗಂಜ್ ಅಡತಿ ಅಂಗಡಿ: ಇಲ್ಲ ಸರ್. ಗುಂಯ್ ಅಂತ ಮಾತ್ರ.

ಸರ್ವಿಸ್ ಅಣ್ಣ: ದೇವರು ದೊಡ್ಡವನು. ಟಕ್ ಟಕ್ ಇದ್ದಿದ್ದರೆ ನಾನೂ ಮುಟ್ಟುತ್ತಿರಲಿಲ್ಲ, ಹೈದರಾಬಾದಿಗೆ ಕಳಿಸಬೇಕಿತ್ತು. ಈಗ ಮಾಡೋದು ಇಷ್ಟು. ಪೆನ್‌ಡ್ರೈವಿನಿಂದ ಲಿನಕ್ಸ್ ಹಚ್ಚಬೇಕು, ಆ ಡಿಸ್ಕಿನ ಫೋಲ್ಡರ್ ತೆರೆಯಬಾರದು. 'ಡಿಸ್ಕ್ಸ್' ಅನ್ನೋ ಪ್ರೋಗ್ರಾಮಿನಲ್ಲಿ ಸ್ಮಾರ್ಟ್ ಮಾಹಿತಿ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಇಟ್ಟ ಲೆಕ್ಕ, ಇರುತ್ತೆ. 5, 197, 198 ಈ ಮೂರು ಸಾಲು ಕೆಟ್ಟ ಜಾಗದ ಲೆಕ್ಕ, ಸೊನ್ನೆ ಇರಬೇಕು. 197 ಏರಿದ್ದರೆ ಡಿಸ್ಕ್‌ಗೆ ಓದಲು ಆಗದ ಜಾಗಗಳು ಬಾಕಿ ಬಿದ್ದಿವೆ ಅಂತ. ಈ ಮೂರೂ ಸೊನ್ನೆ ಇದ್ದು 199 (ಕೇಬಲ್‌ನಲ್ಲಿ ಬಂದ ತಪ್ಪಿನ ಲೆಕ್ಕ) ಮಾತ್ರ ಏರಿದ್ದರೆ ಮೊದಲು ಕೇಬಲ್ ಬದಲಿಸಿ. ಡಿಸ್ಕ್ ಸತ್ತಿದೆ ಅಂತ ತಂದವರಿಗೆ ನಾನು ಬರೀ ಕೇಬಲ್ ಹಾಕಿ ಕಳಿಸಿದ್ದೂ ಇದೆ.

ಡಿಸ್ಕೇ ಕೆಟ್ಟಿದ್ದರೆ, ಅದಕ್ಕಿಂತ ದೊಡ್ಡ ಹೊಸ ಡಿಸ್ಕ್ ತಂದು ಪೂರ್ತಿ ನಕಲು ತೆಗೆಯಬೇಕು. ಅದಕ್ಕೆ ಡಿಡಿರೆಸ್ಕ್ಯೂ ಇದೆ. ಉಬುಂಟುವಿನಲ್ಲಿ ಪ್ಯಾಕೇಜಿನ ಹೆಸರಿನ ಮುಂದೆ ಇನ್ನೊಂದು ಜಿ ಇರುತ್ತೆ, ಜಿಡಿಡಿರೆಸ್ಕ್ಯೂ. ಅದು ಮೊದಲ ಸುತ್ತಿನಲ್ಲಿ ಸುಲಭವಾಗಿ ಬರೋದನ್ನೆಲ್ಲ ಬಾಚಿಕೊಳ್ಳುತ್ತೆ, ಕಷ್ಟದ ಜಾಗ ಹಾರಿಸಿ ಗುರುತು ಹಾಕಿಕೊಳ್ಳುತ್ತೆ. ಆಮೇಲೆ ಆ ಗುರುತಿನ ಜಾಗಕ್ಕೆ ಮಾತ್ರ ಮತ್ತೆ ಹೋಗುತ್ತೆ. ಗುರುತಿನ ಫೈಲ್ ಇದ್ದರೆ ನಡುವೆ ಕರೆಂಟ್ ಹೋದರೂ ಬಿಟ್ಟಲ್ಲಿಂದಲೇ ಶುರು. ಕರೆಂಟ್ ತಯಾರಿಸೋ ಶಕ್ತಿನಗರ ಪಕ್ಕದಲ್ಲೇ ಇದ್ದರೂ ನಮಗೆ ಆ ಸೌಕರ್ಯ ಬೇಕೇ ಬೇಕು. ಎಫ್‌ಎಸ್‌ಸಿಕೆ ಏನಿದ್ದರೂ ಆಮೇಲೆ, ಅದೂ ನಕಲಿನ ಮೇಲೆ.

ಕಮಾಂಡ್ ಇಲ್ಲಿ ಬರೆಯಲ್ಲ. ಬೇಕಂತಲೇ ಬರೆಯಲ್ಲ. ಹಳೇ ಡಿಸ್ಕ್ ಯಾವುದು ಹೊಸದು ಯಾವುದು ಅಂತ ಹೇಳೋ ಅಕ್ಷರ ಅದಲುಬದಲಾದರೆ ಖಾಲಿ ಡಿಸ್ಕ್ ಹೋಗಿ ನಿಮ್ಮ ಮೇಲ್ ಮೇಲೆ ಕೂರುತ್ತೆ. ಕಂಪ್ಯೂಟರಿನಿಂದ ಡಿಸ್ಕ್ ಬಿಚ್ಚಿ ಅಂಗಡಿಗೆ ತನ್ನಿ.

ಇನ್ನೊಂದು. ಮೇಲ್ ಪಾಪ್‌ನಲ್ಲಿ ಇತ್ತಾ, ಐಮ್ಯಾಪ್‌ನಲ್ಲಾ?

ಗಂಜ್ ಅಡತಿ ಅಂಗಡಿ: ಪಾಪ್ ಅಂತ ಇತ್ತು. ಜಿಮೇಲ್ ಅಲ್ಲ, ಅಂಗಡಿ ಹೆಸರಿನದೇ ಮೇಲ್.

ಸರ್ವಿಸ್ ಅಣ್ಣ: ಅದಕ್ಕೇ ಹೆದರಿದ್ದು. ಐಮ್ಯಾಪ್ ಆಗಿದ್ದರೆ ಮೇಲ್ ಸರ್ವರಿನಲ್ಲೇ ಉಳಿಯುತ್ತಿತ್ತು. ಪಾಪ್ ಅಂದರೆ ಮೇಲ್ ನಿಮ್ಮ ಡಿಸ್ಕಿಗೆ ಇಳಿಯುತ್ತೆ. ಸರ್ವರಿನಲ್ಲಿ ಥಂಡರ್‌ಬರ್ಡ್ ತಾನಾಗಿ ಬಿಡೋದು 14 ದಿನ ಮಾತ್ರ. ನೀವು ಕಳಿಸಿದ ಮೇಲ್ ಅಂತೂ ಸರ್ವರಿನಲ್ಲಿ ಇರೋದೇ ಇಲ್ಲ. ಸಾಹುಕಾರರ ಫೋನಿನ ಬ್ರೌಸರಿನಲ್ಲಿ ವೆಬ್‌ಮೇಲ್ ತೆಗೆದು ಕೊನೆಯ ಎರಡು ವಾರದ್ದು ಸಿಕ್ಕಷ್ಟು ಈಗಲೇ ಇಳಿಸಿಕೊಳ್ಳಿ. ಸಮಾಧಾನದ ಮಾತು ಒಂದಿದೆ: ಥಂಡರ್‌ಬರ್ಡ್ ಒಂದೊಂದು ಫೋಲ್ಡರನ್ನೂ ಒಂದೊಂದು ಉದ್ದ ಪಠ್ಯದ ಫೈಲಾಗಿ ಇಡುತ್ತೆ, ನೀವು ಬದಲಿಸದಿದ್ದರೆ. 'ಇನ್‌ಬಾಕ್ಸ್' ಅಂತಲೇ ಅದರ ಹೆಸರು. ನಡುವೆ ನಾಲ್ಕು ಕಡೆ ಹರಿದಿದ್ದರೂ ಉಳಿದದ್ದು ಓದಲು ಬರುತ್ತೆ.

ಸಿರುಗುಪ್ಪದ ತಮ್ಮ: ಅಣ್ಣಾ, ಹಾರ್ಡ್ ಡಿಸ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರೀಜರಿನಲ್ಲಿ ಒಂದು ರಾತ್ರಿ ಇಟ್ಟರೆ ಓದುತ್ತಂತೆ. ತುಂಬಾ ಜನ ಟ್ರೈ ಮಾಡಿದ್ದಾರೆ.

ಸರ್ವಿಸ್ ಅಣ್ಣ: ರಾಯಚೂರಿನ ಬಿಸಿಲಿಗೆ ಫ್ರೀಜರಿನಿಂದ ತೆಗೆದ ನೀರಿನ ಬಾಟಲಿ ಮೈ ಹೇಗೆ ಬೆವರುತ್ತೆ ನೋಡಿದ್ದೀಯಾ? ಡಿಸ್ಕಿನ ಒಳಗೂ ಹಾಗೇ ಬೆವರುತ್ತೆ. ಎಫ್‌ಎಸ್‌ಸಿಕೆ ಫಾರ್ವರ್ಡ್ ಹಾಕಿದ್ದೂ ನೀನೇ ತಾನೇ?

ಸಿರುಗುಪ್ಪದ ತಮ್ಮ: ನಾನು ಬರೆದಿದ್ದಲ್ಲ ಅಣ್ಣಾ, ಬಂದಿದ್ದನ್ನು ಕಳಿಸಿದೆ ಅಷ್ಟೇ. ಸಹಾಯ ಆಗಲಿ ಅಂತ.

ಕುಷ್ಟಗಿಯಿಂದ: ವೈಫೈ ಬರ್ತಿಲ್ಲ ಸರ್. ಎಚ್‌ಪಿ ಲ್ಯಾಪ್‌ಟಾಪ್, ಬ್ರಾಡ್‌ಕಾಮ್.

ಸರ್ವಿಸ್ ಅಣ್ಣ: ಪಿನ್ ನೋಡಿ.

ಕೊಪ್ಪಳ ಡಿಟಿಪಿ: ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಮ್ಮ ವಾರಪತ್ರಿಕೆಯ ಹಳೇ ಫೈಲ್ ಎಲ್ಲ ನುಡಿ ಸಾಫ್ಟ್‌ವೇರಿನಲ್ಲಿವೆ. ಲಿನಕ್ಸ್‌ನಲ್ಲಿ ತೆಗೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆ, ಬರೀ ಕಸ. ಕನ್ನಡವೇ ಬಾರದ ಸಿಸ್ಟಂ ಕಟ್ಟಿಕೊಂಡು ಏನು ಮಾಡೋದು?

ಗಂಗಾವತಿ ಮೇಷ್ಟ್ರು: ಲಿನಕ್ಸ್‌ಗೆ ಕನ್ನಡ ಬರುತ್ತೆ ಸ್ವಾಮಿ. ನಿಮ್ಮ ಫೈಲಿನಲ್ಲಿ ಕನ್ನಡ ಇಲ್ಲ. ಹಳೇ ನುಡಿ ಫಾಂಟಿನಲ್ಲಿ ಒಳಗೆ ಇರೋದು ಇಂಗ್ಲಿಷ್ ಅಕ್ಷರಗಳೇ, ಮೇಲೆ ಕನ್ನಡದ ವೇಷ. ಫಾಂಟ್ ತೆಗೆದರೆ ವಿಂಡೋಸ್‌ನಲ್ಲೂ ಕಸವೇ. ಎಲ್ಲ ಕಂಪ್ಯೂಟರೂ ಕನ್ನಡ ಅಂತಲೇ ಓದೋ ಯೂನಿಕೋಡ್‌ಗೆ ಬದಲಿಸಿಕೊಳ್ಳಿ.

ಕೊಪ್ಪಳ ಡಿಟಿಪಿ: ಮೇಷ್ಟ್ರೇ, ಪುಟ ಕಟ್ಟೋ ಪೇಜ್‌ಮೇಕರ್ ಯೂನಿಕೋಡ್ ತಗೊಳಲ್ಲ. ಪ್ರೆಸ್‌ನವರು ಅದೇ ಕೇಳುತ್ತಾರೆ. ರಾತ್ರಿ ಹನ್ನೊಂದಕ್ಕೆ ಪೇಜ್ ಕಳಿಸೋ ಕಷ್ಟ ಶಾಲೆಯಲ್ಲಿ ಕೂತವರಿಗೆ ಗೊತ್ತಾಗಲ್ಲ.

ಗಂಗಾವತಿ ಮೇಷ್ಟ್ರು: ಶಾಲೆಯಲ್ಲಿ ಕೂತೇ ಇಪ್ಪತ್ತು ಕಂಪ್ಯೂಟರಿಗೆ ಉಬುಂಟು ಹಾಕಿದ್ದೀನಿ. ಮಕ್ಕಳು ನುಡಿಯಲ್ಲಿರೋ ಅದೇ ಕೆಜಿಪಿ ಕೀಲಿಮಣೆಯಲ್ಲೇ ಟೈಪ್ ಮಾಡುತ್ತಾರೆ. ನಿಮ್ಮ ಪತ್ರಿಕೆಯ ಹಳೇ ಸುದ್ದಿ ಗೂಗಲ್‌ನಲ್ಲಿ ಹುಡುಕಿದರೆ ಸಿಗುತ್ತಾ ಹೇಳಿ ನೋಡೋಣ.

ಕೊಪ್ಪಳ ಡಿಟಿಪಿ: ನಮ್ಮ ಪತ್ರಿಕೆ ಓದೋರು ಗೂಗಲ್‌ನಲ್ಲಿ ಹುಡುಕಲ್ಲ, ಬಸ್‌ಸ್ಟ್ಯಾಂಡಿನಲ್ಲಿ ಕೊಳ್ಳುತ್ತಾರೆ.

ಬಳ್ಳಾರಿ ಜೀನ್ಸ್: ಸರ್, ಬಿಚ್ಚಿದೆ. ನೀವು ಹೇಳಿದ ಹಾಗೇ ಕಂಬಳಿ! ಫೋಟೋ ಹಾಕಿದ್ದೀನಿ.

ಗಂಗಾವತಿ ಮೇಷ್ಟ್ರು: ಮಾತು ತಿರುಗಿಸಬೇಡಿ ಡಿಟಿಪಿಯವರೇ.

ಸರ್ವಿಸ್ ಅಣ್ಣ: ಇಬ್ಬರೂ ಸರಿ ಇದ್ದೀರಿ, ನಿಲ್ಲಿಸಿ. ಡಿಟಿಪಿಯವರೇ, ಪೇಜ್‌ಮೇಕರ್ ಬೇಕಾದರೆ ಒಂದು ಯಂತ್ರದಲ್ಲಿ ವಿಂಡೋಸ್ ಇಟ್ಟುಕೊಳ್ಳಿ, ಹಟ ಬೇಡ. ಹಳೇ ಸುದ್ದಿಯನ್ನು ಮಾತ್ರ ಕನ್ವರ್ಟರ್ ಹಾಕಿ ಯೂನಿಕೋಡ್ ಮಾಡಿಡಿ. ಒತ್ತಕ್ಷರ ಒಂದು ಸಲ ಕಣ್ಣಾಡಿಸಿ.

ಯಲಬುರ್ಗಾದಿಂದ: ಥಂಡರ್‌ಬರ್ಡ್ ಜಿಮೇಲ್ ಪಾಸ್‌ವರ್ಡ್ ಕೇಳುತ್ತಲೇ ಇದೆ ಸರ್, ಏನು ಮಾಡಬೇಕು?

ಸರ್ವಿಸ್ ಅಣ್ಣ: ಮೇಲೆ ಬರೆದಿದ್ದೀನಿ.

ಯಲಬುರ್ಗಾದಿಂದ: ಎಲ್ಲಿ ಸರ್?

ಸರ್ವಿಸ್ ಅಣ್ಣ: ಮೇಲೆ.

ದೇವದುರ್ಗದ ಅಕ್ಕ: ಅಣ್ಣಾ, ನಮ್ಮ ಸಂಘದ ಆಫೀಸಿನ ಹಳೇ ಕಂಪ್ಯೂಟರ್. ದಿನಾ ಬೆಳಿಗ್ಗೆ ಮೇಲ್ ತೆಗೆದರೆ 'ಸರ್ಟಿಫಿಕೇಟ್ ಸರಿ ಇಲ್ಲ' ಅಂತ ಎಚ್ಚರಿಕೆ ಬರುತ್ತೆ. ಪಕ್ಕದ ಹುಡುಗ 'ಎಕ್ಸೆಪ್ಷನ್' (ಪರವಾಗಿಲ್ಲ ಬಿಡು ಅನ್ನೋದು) ಒತ್ತಿ ಅಂದ, ದಿನಾ ಒತ್ತುತ್ತೀನಿ. ಮೂಲೆಯಲ್ಲಿ ತಾರೀಖೂ ಹಳೇದು ಇರುತ್ತೆ, ನಾನೇ ಕೈಯಿಂದ ಸರಿ ಮಾಡುತ್ತೀನಿ. ಈ ಎರಡಕ್ಕೂ ಏನಾದರೂ ಸಂಬಂಧ ಇದೆಯಾ?

ಸರ್ವಿಸ್ ಅಣ್ಣ: ಅಕ್ಕಾ, ಇವತ್ತು ಬಂದ ಪ್ರಶ್ನೆಗಳಲ್ಲಿ ಇದೇ ಚೆಂದ. ಸಂಬಂಧ ಇದೆ. ಸರ್ಟಿಫಿಕೇಟ್ ಅಂದರೆ ಮೇಲ್ ಸರ್ವರಿನ ಗುರುತಿನ ಚೀಟಿ. ಅದಕ್ಕೆ ಶುರುವಾಗೋ ತಾರೀಖು, ಮುಗಿಯೋ ತಾರೀಖು ಇರುತ್ತೆ. ನಿಮ್ಮ ಕಂಪ್ಯೂಟರ್ ಹಳೇ ವರ್ಷದಲ್ಲಿ ಕೂತು ನೋಡಿದರೆ 'ಇದು ಇನ್ನೂ ಹುಟ್ಟೇ ಇಲ್ಲ' ಅನ್ನುತ್ತೆ. ಮದರ್‌ಬೋರ್ಡಿನಲ್ಲಿ ಗಡಿಯಾರ ನಡೆಸೋ ನಾಣ್ಯದಂಥ ಸಿಆರ್ 2032 ಸೆಲ್ ಇದೆ, ಸತ್ತಿದೆ. ಬದಲಿಸಿ, ದೊಡ್ಡ ಖರ್ಚಲ್ಲ.

ಆದರೆ ಸೆಲ್ ಸತ್ತರೂ ನೆಟ್ ಬಂದ ಕೂಡಲೇ ಲಿನಕ್ಸ್ ತಾರೀಖು ತಾನೇ ತಿದ್ದಿಕೊಳ್ಳಬೇಕಿತ್ತು. ತಿದ್ದಿಲ್ಲ ಅಂದರೆ 'ಆಟೋಮ್ಯಾಟಿಕ್ ಟೈಮ್' ಯಾರೋ ಆಫ್ ಮಾಡಿದ್ದಾರೆ. ಅದರಲ್ಲಿ ವಿಂಡೋಸೂ ಇದೆಯಾ?

ದೇವದುರ್ಗದ ಅಕ್ಕ: ಹೌದು, ಎರಡೂ ಇದೆ. ಗಡಿಯಾರ ಐದೂವರೆ ಗಂಟೆ ಹಿಂದೆ ಮುಂದೆ ಆಗುತ್ತಿತ್ತು ಅಂತ ಆ ಹುಡುಗನೇ ಏನೋ ಆಫ್ ಮಾಡಿದ್ದ.

ಸರ್ವಿಸ್ ಅಣ್ಣ: ಸಿಕ್ಕ ಕಳ್ಳ. ಒಳಗಿನ ಗಡಿಯಾರವನ್ನು ಲಿನಕ್ಸ್ ಗ್ರೀನಿಚ್ ಸಮಯ ಅಂತ ಓದುತ್ತೆ, ವಿಂಡೋಸ್ ನಮ್ಮ ಊರಿನ ಸಮಯ ಅಂತ ಓದುತ್ತೆ. ನಡುವಿನ ಅಂತರವೇ ಆ 5:30. ಆಟೋಮ್ಯಾಟಿಕ್ ಆನ್ ಮಾಡಿ. ಐದೂವರೆ ಗಂಟೆಗೆ ಬೇರೆ ದಾರಿ ಇದೆ, ಫೋನ್ ಮಾಡಿ ಹೇಳ್ತೀನಿ. ಎಕ್ಸೆಪ್ಷನ್ ಮಾತ್ರ ಇನ್ನೊಂದು ಸಲ ಒತ್ತಬೇಡಿ, ಹಿಂದೆ ಒತ್ತಿದ್ದನ್ನೂ ಸರ್ಟಿಫಿಕೇಟ್ ಪಟ್ಟಿಯಿಂದ ಅಳಿಸಿ. ಬಾಗಿಲಲ್ಲಿ ನಿಂತವನು ಯಾರು ಅಂತ ನೋಡದೆ ಬೀಗದ ಕೈ ಕೊಟ್ಟ ಹಾಗೆ ಅದು.

ಸಿಂಧನೂರು ಝೆರಾಕ್ಸ್: ಸರ್, ಕ್ಯಾನನ್ ಎಲ್‌ಬಿಪಿ 2900. ಬೆಳಿಗ್ಗೆ ಕೇಳಿದ್ದೆ.

ಸಿರುಗುಪ್ಪದ ತಮ್ಮ: ವಿಂಡೋಸ್ ಹಾಕ್ಕೊಳ್ಳಿ ಅಣ್ಣಾ, ಕ್ರ್ಯಾಕ್ ನನ್ನ ಹತ್ತಿರ ಇದೆ.

ಗಂಗಾವತಿ ಮೇಷ್ಟ್ರು: ಅಡ್ಮಿನ್, ಇವನನ್ನು ತೆಗೆಯಿರಿ.

ಸಿರುಗುಪ್ಪದ ತಮ್ಮ: ಇವನನ್ನು ಅಂತ ಏಕವಚನದಲ್ಲಿ ಮಾತಾಡಬೇಡಿ ಮೇಷ್ಟ್ರೇ. ನಿಮ್ಮ ಶಾಲೆ ಹುಡುಗ ಅಲ್ಲ ನಾನು.

ಕೊಪ್ಪಳ ಡಿಟಿಪಿ: ಹುಡುಗ ಹೇಳಿದ್ದರಲ್ಲಿ ತಪ್ಪೇನಿದೆ? ಅಂಗಡಿ ನಡೀಬೇಕಲ್ಲ.

ಅಡ್ಮಿನ್: ದಯವಿಟ್ಟು ವಿಷಯಕ್ಕೆ ಬನ್ನಿ. ಕ್ರ್ಯಾಕ್ ಮಾತು ಇಲ್ಲಿ ಬೇಡ.

ಮಸ್ಕಿಯಿಂದ: ಸರ್, ವೈಫೈ ಕಾಣಿಸುತ್ತಿಲ್ಲ...

ಸರ್ವಿಸ್ ಅಣ್ಣ: ಪಿನ್!

ಗಂಜ್ ಅಡತಿ ಅಂಗಡಿ: ಸರ್, ಡಿಸ್ಕ್ ಬಿಚ್ಚಿದ್ದೀನಿ. ಅರ್ಧ ಗಂಟೆಯಲ್ಲಿ ತರುತ್ತೀನಿ. ಒಂದು ವಿಷಯ ಹೇಳಬೇಕು. ನಾನು ಊಟಕ್ಕೆ ಹೋದಾಗ ಸಾಹುಕಾರರ ಮಗ ಸುಮ್ನೆ ಒಂದು ಸಲ ನೋಡೋಣ ಅಂತ ಆನ್ ಮಾಡಿದ್ದರು.

ಸರ್ವಿಸ್ ಅಣ್ಣ: ಎಷ್ಟು ಹೊತ್ತು?

ಗಂಜ್ ಅಡತಿ ಅಂಗಡಿ: ಇಪ್ಪತ್ತು ನಿಮಿಷ ಅಂತಾರೆ. ಮತ್ತೆ ಅದೇ ವೈ ಕಮಾಂಡ್ ಒತ್ತಿದ್ದಾರೆ. ಫಾರ್ವರ್ಡ್ ಅವರ ಫೋನಿನಲ್ಲೂ ಇತ್ತಂತೆ.

ಸರ್ವಿಸ್ ಅಣ್ಣ: ಡಿಸ್ಕ್ ಜೊತೆಗೆ ಅವರ ಫೋನನ್ನೂ ಕಿತ್ತುಕೊಂಡು ಬನ್ನಿ. ಅಂಗಡಿ ತೆರೆದೇ ಇರುತ್ತೆ. ನಾನು ಗ್ರೂಪಿನಿಂದ ಏಳ್ತೀನಿ, ಇನ್ನು ಇವತ್ತು ಉತ್ತರ ಇಲ್ಲ.

ಅಡ್ಮಿನ್: ಧನ್ಯವಾದ ಅಣ್ಣಾ. ಉಳಿದ ಪ್ರಶ್ನೆ ಮುಂದಿನ ಭಾನುವಾರ.

ಸಿಂಧನೂರು ಝೆರಾಕ್ಸ್: ಸರ್, 2900?