ಅಪ್‌ಡೇಟ್: ಹತ್ತಿರ ಬೆಳೆದದ್ದನ್ನೇ ಉಣ್ಣುವ ನಮ್ಮ ಪ್ರಯತ್ನ

ಸುತ್ತಮುತ್ತ ಬೆಳೆದದ್ದನ್ನಷ್ಟೇ ಮನೆಮಂದಿಯೆಲ್ಲ ತಿನ್ನೋದು ಹೇಗೆ, ಮಕ್ಕಳು ಒಪ್ಪುತ್ತಾರಾ ಅಂತ ಹಿಂದೆ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಎಷ್ಟು ದೂರದವರೆಗೆ ‘ಹತ್ತಿರ’ ಅನ್ನೋದೇ ಮೊದಲ ತಲೆನೋವು. 2005ರಲ್ಲಿ ಕೆನಡಾದ ಒಂದು ಜೋಡಿ 100 ಮೈಲಿ, ಅಂದರೆ ಸುಮಾರು 160 ಕಿ.ಮೀ. ಒಳಗೆ ಬೆಳೆದದ್ದನ್ನೇ ಒಂದು ವರ್ಷ ಉಣ್ಣಲು ಹೊರಟಿತ್ತು. ನಾವೂ ಅದೇ ಲೆಕ್ಕ ಹಿಡಿದೆವು. ಉಪ್ಪು, ಮಸಾಲೆಗೆ ಮಾತ್ರ ವಿನಾಯಿತಿ.

ಮೊದಲು ಅಡುಗೆ ತೀರ್ಮಾನಿಸಿ ತರಕಾರಿ ತರುತ್ತಿದ್ದೆವು. ಈಗ ಸಿಕ್ಕಿದ್ದನ್ನು ನೋಡಿ ಅಡುಗೆ. ಒಂದೇ ತರಕಾರಿ ವಾರಗಟ್ಟಲೆ ಬಂದಾಗ ಮಕ್ಕಳು ಮುಖ ಸಿಂಡರಿಸಿದರು. ನೀವು ಹೇಳಿದ ಹಾಗೆ ಹೆಚ್ಚುವ ಕೆಲಸ ಅವರಿಗೇ ಕೊಟ್ಟೆವು. ತಾವೇ ಹೆಚ್ಚಿದ್ದನ್ನು ಬೇಡ ಅನ್ನೋದು ಕಷ್ಟ, ಅಲ್ವಾ? ನನಗಂತೂ ಇದೇ ದೊಡ್ಡ ಖುಷಿ.

ಜಾಸ್ತಿ ಬಂದದ್ದು ಫ್ರೀಜರ್‌ಗೆ ಹೋಗುತ್ತದೆ. ಸುಮ್ನೆ ಹಸಿಯಾಗಿ ತುಂಬಬೇಡಿ. ಬೀನ್ಸ್, ಸೊಪ್ಪಿನಂಥವನ್ನು ಕುದಿಯುವ ನೀರಿನಲ್ಲಿ ಎರಡು ಮೂರು ನಿಮಿಷ ಬಿಟ್ಟು, ತಕ್ಷಣ ಐಸ್ ನೀರಿಗೆ ಹಾಕಿ, ನೀರು ಬಸಿದು ಇಡಿ. ತರಕಾರಿಯೊಳಗೇ ಇದ್ದು ಅದರ ಬಣ್ಣ, ರುಚಿ ಕೆಡಿಸುವ ಕಿಣ್ವಗಳ (ಎಂಜೈಮ್) ಕೆಲಸ ಅಲ್ಲಿಗೆ ನಿಲ್ಲುತ್ತದೆ. ಬಣ್ಣ, ರುಚಿ ತಿಂಗಳುಗಟ್ಟಲೆ ಉಳಿಯುತ್ತವೆ.

ಅಡುಗೆ ಎಣ್ಣೆಯ ದಾರಿ ಮಾತ್ರ ಇನ್ನೂ ಸಿಕ್ಕಿಲ್ಲ. ಹತ್ತಿರದಲ್ಲೇ ಬೀಜ ಬೆಳೆದು ಎಣ್ಣೆ ತೆಗೆಯುವವರನ್ನು ನೀವು ಹೇಗೆ ಹುಡುಕಿದಿರಿ? ದಯವಿಟ್ಟು ತಿಳಿಸಿ.