ಸಹಾಯ ಬೇಕು: ಮಂಡಿಯ ನೀರಿನ ಅಳತೆ, ಅಲ್ಟ್ರಾಸೌಂಡ್‌ಗೂ ಎಂಆರ್‌ಐಗೂ ತಾಳೆಯಾಗುತ್ತಿಲ್ಲ
ನಮಸ್ಕಾರ. ಸವೆದ ಮಂಡಿಗಳಲ್ಲಿ ಸೇರಿದ ನೀರನ್ನು ಎರಡು ರೀತಿಯಲ್ಲಿ ಅಳೆಯುತ್ತಿದ್ದೇವೆ.

ಅಲ್ಟ್ರಾಸೌಂಡ್: ರೋಗಿ ಅಂಗಾತ ಮಲಗಿ, ಮಂಡಿ ಸುಮಾರು 30 ಡಿಗ್ರಿ ಮಡಚಿ, ಕೆಳಗೆ ಸುತ್ತಿದ ಟವೆಲ್. 12 ಮೆಗಾಹರ್ಟ್ಸ್ ಲೀನಿಯರ್ ಪ್ರೋಬನ್ನು (ಚರ್ಮದ ಮೇಲಿಡುವ ಅಲ್ಟ್ರಾಸೌಂಡ್ ಸಾಧನ) ಮಂಡಿಚಿಪ್ಪಿನ ಮೇಲ್ಭಾಗದಲ್ಲಿ ಉದ್ದಕ್ಕೆ ಇಟ್ಟು, ತೊಡೆ ಸ್ನಾಯುರಜ್ಜುವಿನ ಹಿಂದಿನ ಕಪ್ಪು ಪಟ್ಟಿಯ (ಅದೇ ನೀರು) ಅತಿ ದಪ್ಪ ಜಾಗವನ್ನು ಮಿಲಿಮೀಟರ್‌ನಲ್ಲಿ ದಾಖಲಿಸುತ್ತೇವೆ. ಜೆಲ್ ಧಾರಾಳವಾಗಿ ಹಾಕಿ ಪ್ರೋಬನ್ನು ತೇಲಿಸಿದಂತೆ ಹಿಡಿಯದಿದ್ದರೆ ನೀರು ಪಕ್ಕಕ್ಕೆ ಸರಿದು ಅಳತೆ ಕಡಿಮೆ ಬರುತ್ತದೆ. ತೊಡೆ ಬಿಗಿ ಮಾಡಿಸಿದರೆ ಅದೇ ಮಂಡಿಯಲ್ಲಿ ಪಟ್ಟಿ ದಪ್ಪವಾಗುತ್ತದೆ. ನೀವು ಯಾವುದನ್ನು ಬರೆದುಕೊಳ್ಳುತ್ತೀರಿ, ಸಡಿಲವೋ ಬಿಗಿಯೋ?

ಎಂಆರ್‌ಐನಲ್ಲಿ ಕೊಬ್ಬು ಅಡಗಿಸಿದ ಟಿ2 ಚಿತ್ರಗಳ (ಇವುಗಳಲ್ಲಿ ನೀರು ಬೆಳ್ಳಗೆ ಕಾಣುತ್ತದೆ) ಮೇಲೆ ಪ್ರತಿ ಸ್ಲೈಸ್‌ನಲ್ಲೂ ನೀರಿನ ಗಡಿ ಗುರುತಿಸಿ ಗಾತ್ರ ಲೆಕ್ಕ ಹಾಕುತ್ತೇವೆ. ಸ್ಲೈಸ್ 3 ಮಿ.ಮೀ., ನಡುವಿನ ಅಂತರ 0.3 ಮಿ.ಮೀ. ಮೊದಲು ಸ್ಲೈಸ್‌ಗಳ ಒಟ್ಟು ವಿಸ್ತೀರ್ಣವನ್ನು 3ರಿಂದ ಗುಣಿಸುತ್ತಿದ್ದೆವು, ಗುಣಿಸಬೇಕಾದ್ದು 3.3ರಿಂದ. ಅಲ್ಲೇ ಶೇ. 9ರಷ್ಟು ಕಡಿಮೆ ಬರುತ್ತಿತ್ತು. ಅದನ್ನು ಸರಿಪಡಿಸಿದರೂ ಚಿತ್ರ ಓದುವ ಇಬ್ಬರ ಲೆಕ್ಕ ಒಂದಾಗುತ್ತಿಲ್ಲ.

ಕಾರಣ ಊದಿದ ಸೈನೋವಿಯಂ (ಕೀಲಿನ ಒಳಪದರ) ಎಂಬುದು ನಮ್ಮ ಗುಮಾನಿ. ಕಾಂಟ್ರಾಸ್ಟ್ ಔಷಧ ಚುಚ್ಚದಿದ್ದರೆ ಅದೂ ನೀರಿನಂತೆಯೇ ಬೆಳ್ಳಗೆ ಕಾಣುತ್ತದೆ. ಅಲ್ಟ್ರಾಸೌಂಡ್‌ನಲ್ಲಾದರೆ ಒತ್ತಿ ನೋಡಬಹುದು: ನೀರು ಸರಿಯುತ್ತದೆ, ರಕ್ತದ ಹರಿವು ತೋರಿಸುವ ಡಾಪ್ಲರ್‌ನಲ್ಲಿ ಬಣ್ಣ ತೋರಿಸುವುದಿಲ್ಲ. ಎಂಆರ್‌ಐನಲ್ಲಿ ಆ ಅನುಕೂಲ ಇಲ್ಲ.

ಗ್ಯಾಡೊಲಿನಿಯಂ (ಎಂಆರ್‌ಐನ ಕಾಂಟ್ರಾಸ್ಟ್ ಔಷಧ) ಕೊಡದೆ ನೀರನ್ನೂ ಸೈನೋವಿಯಂ ಅನ್ನೂ ಬೇರ್ಪಡಿಸಲು ಎಂಆರ್‌ಐನ ಯಾವ ಸೀಕ್ವೆನ್ಸ್ (ಚಿತ್ರ ತೆಗೆಯುವ ಕ್ರಮ) ಬಳಸುತ್ತೀರಿ? ಮಂಡಿ ಹಿಂದಿನ ಬೇಕರ್ ಸಿಸ್ಟ್‌ನ (ನೀರು ತುಂಬಿದ ಗಂಟು) ನೀರನ್ನು ಒಟ್ಟಿಗೆ ಸೇರಿಸುತ್ತೀರೋ, ಬೇರೆ ಬರೆಯುತ್ತೀರೋ? ಸೂಜಿಯಿಂದ ತೆಗೆದ ನೀರಿನ ಮಿಲಿಲೀಟರ್ ಜತೆ ಹೋಲಿಸಿ ನೋಡಿದವರಿದ್ದರೆ ದಯವಿಟ್ಟು ವಿವರ ತಿಳಿಸಿ.