ಎಣ್ಣೆ ಚರ್ಮಕ್ಕೆ ಗಂಧಕದ ಸೋಪು: ಜಿಡ್ಡು ಕಡಿಮೆಯಾಯಿತು, ಆದರೆ ಮುಖ ಉರಿಯುತ್ತಿದೆ. ಏನು ಮಾಡಲಿ?

ಬಿಸಿಲೂರ ಹುಡುಗ

ಎಲ್ಲರಿಗೂ ನಮಸ್ಕಾರ. ನಾನು ರಾಯಚೂರಿನವನು, ವಯಸ್ಸು 24. ಬೀಜದ ಕಂಪನಿಯೊಂದರಲ್ಲಿ ಫೀಲ್ಡ್ ಕೆಲಸ. ಬೆಳಿಗ್ಗೆ ಹೆಲ್ಮೆಟ್ ಹಾಕಿಕೊಂಡು ಬೈಕ್ ಹತ್ತಿದರೆ ಮಾನ್ವಿ, ಸಿಂಧನೂರು ಕಡೆಯ ಹಳ್ಳಿ ಸುತ್ತಿ ಮನೆ ಸೇರುವಾಗ ಕತ್ತಲಾಗಿರುತ್ತದೆ. ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತೇ ಇದೆ.

ನನ್ನದು ಎಣ್ಣೆ ಚರ್ಮ. ಮುಖ ತೊಳೆದು ಸ್ವಲ್ಪ ಹೊತ್ತಿಗೆಲ್ಲ ಮೂಗು, ಹಣೆ ಮತ್ತೆ ಜಿಡ್ಡು. ಗದ್ದದ ಕೆಳಗೆ, ಹೆಲ್ಮೆಟ್ ಪಟ್ಟಿ ತಾಗುವ ಕಡೆ ಮೊಡವೆ ಏಳುತ್ತವೆ. ಒಣಗಿದ ಮೇಲೆ ಕಪ್ಪು ಕಲೆ ಉಳಿಯುತ್ತದೆ. ಹಣೆಯಲ್ಲಿ ಇರೋದು ಬೇರೆ ಥರ. ಎಲ್ಲಾ ಒಂದೇ ಅಳತೆಯ ಸಣ್ಣ ಸಣ್ಣ ಗುಳ್ಳೆ, ಬೆವರಿದರೆ ತುರಿಕೆ.

ರೂಮಿನ ಗೆಳೆಯ ಗಂಧಕದ ಸೋಪು ತಂದುಕೊಟ್ಟ. ದಿನಕ್ಕೆ ಮೂರು ಸಲ ಹಚ್ಚುತ್ತಿದ್ದೇನೆ. ನೊರೆ ಒಣಗುವ ತನಕ ಬಿಟ್ಟು ಆಮೇಲೆ ತೊಳೆಯುತ್ತೇನೆ. ಮೂಗಿನ ಜಿಡ್ಡು ಕಡಿಮೆಯಾಗಿದೆ, ಪಕ್ಕದಲ್ಲಿದ್ದ ಬಿಳಿ ಚುಕ್ಕೆಗಳೂ ಕಡಿಮೆಯಾಗಿವೆ. ಆದರೆ ಕೆನ್ನೆಯಲ್ಲಿ ಸಿಪ್ಪೆ ಏಳುತ್ತಿದೆ. ಬಿಸಿಲಿಗೆ ಹೋದ ಕೂಡಲೇ ಹಸಿಮೆಣಸಿನಕಾಯಿ ತಿಕ್ಕಿದ ಹಾಗೆ ಉರಿಯುತ್ತದೆ. ಬೆರಳಲ್ಲಿದ್ದ ಬೆಳ್ಳಿ ಉಂಗುರ ಬೇರೆ ಕಪ್ಪಾಗಿದೆ. ಉಂಗುರವನ್ನೇ ಕಪ್ಪು ಮಾಡುವ ಸೋಪು ಮುಖಕ್ಕೆ ಏನು ಮಾಡುತ್ತದೋ ಅಂತ ಅಮ್ಮನಿಗೆ ಭಯ.

ಮುಂದಿನ ತಿಂಗಳು ತಂಗಿಯ ಮದುವೆ. ಸೋಪು ಮುಂದುವರಿಸಲಾ, ಬಿಡಲಾ? ದಿನಕ್ಕೆ ಎಷ್ಟು ಸಲ ಸರಿ? ಕಲೆ ಹೋಗುತ್ತದಾ?

ಪೀಜಿ ವಾಸಿ, ಬೆಂಗಳೂರು

ನಾನು ಇದನ್ನು ಬೆನ್ನಿಗೆ ಬಳಸಿದ್ದೇನೆ, ಮುಖಕ್ಕಲ್ಲ. ಸ್ನಾನದ ಕೊನೆಗೆ ನೊರೆ ಹಚ್ಚಿ, ಹಲ್ಲುಜ್ಜುವಷ್ಟು ಹೊತ್ತು ಬಿಟ್ಟು ತೊಳೆದುಬಿಡುತ್ತಿದ್ದೆ. ಬೆನ್ನಿನ ಸಣ್ಣ ಮೊಡವೆ ನಿಧಾನಕ್ಕೆ ಕಡಿಮೆಯಾದವು. ಒಣಗುವ ತನಕ ಬಿಡೋದು ಬೇಡ, ಅದರಿಂದ ಚರ್ಮ ಬಿಗಿದುಕೊಳ್ಳುತ್ತದೆ ಅಷ್ಟೇ.

ಇನ್ನೊಂದು ವಿಷಯ, ನಿಮ್ಮಲ್ಲಿ ಯಾವ ನೀರು? ನಮ್ಮ ಪೀಜಿಯಲ್ಲಿ ಬೋರ್‌ವೆಲ್ ನೀರು, ತುಂಬಾ ಗಡಸು. ನಲ್ಲಿ, ಬಕೆಟ್ ಎಲ್ಲಾ ಬಿಳಿ ಕಟ್ಟಿರುತ್ತದೆ. ಅಂಥ ನೀರಿನಲ್ಲಿರುವ ಕ್ಯಾಲ್ಸಿಯಂ ಜೊತೆ ಸೋಪು ಸೇರಿ ಒಂದು ಥರ ಅಂಟು ಕಟ್ಟುತ್ತದೆ, ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ಮುಖ ತೊಳೆಯುವಾಗ ಕೊನೆಯ ಒಂದು ಚೊಂಬು ಮಾತ್ರ ಫಿಲ್ಟರ್ ನೀರು ಹಾಕಿಕೊಳ್ಳಿ. ನನಗೆ ಅದರಿಂದ ನವೆ ಕಡಿಮೆಯಾಯಿತು.

ಉಂಗುರಕ್ಕೆ ಹೆದರಬೇಡಿ. ಒಣ ವಿಭೂತಿ ಹಚ್ಚಿ ಬಟ್ಟೆಯಿಂದ ಉಜ್ಜಿದರೆ ಮತ್ತೆ ಬೆಳ್ಳಗಾಗುತ್ತದೆ. ಸ್ನಾನಕ್ಕೆ ಹೋಗುವಾಗ ತೆಗೆದಿಡಿ, ನಾನು ಕಾಲುಗೆಜ್ಜೆ ತೆಗೆದಿಡುತ್ತಿದ್ದೆ.

ದಾವಣಗೆರೆ ಅಕ್ಕ

ತಮ್ಮಾ, ನಾನು ದಾವಣಗೆರೆಯಲ್ಲಿ ಮೆಡಿಕಲ್ ಅಂಗಡಿ ನಡೆಸುತ್ತೇನೆ, ಡಿ.ಫಾರ್ಮಾ ಓದಿದವಳು. ಡಾಕ್ಟರ್ ಅಲ್ಲ. ಆದರೆ ನಿನ್ನ ವಯಸ್ಸಿನವರು ಇದೇ ಪ್ರಶ್ನೆ ಹಿಡಿದುಕೊಂಡು ಕೌಂಟರ್ ಹತ್ತಿರ ಬರುತ್ತಲೇ ಇರುತ್ತಾರೆ. ಅದಕ್ಕೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಗಂಧಕ ಮೊಡವೆಗೆ ಬಹಳ ಹಳೆಯ ಔಷಧಿ. ಈಗಲೂ ಬಳಕೆಯಲ್ಲಿದೆ. ಚರ್ಮದ ರಂಧ್ರದ ಬಾಯಿಯಲ್ಲಿ ಸತ್ತ ಜೀವಕೋಶ ಅಂಟಿಕೊಂಡು ಎಣ್ಣೆ ಒಳಗೇ ನಿಲ್ಲುತ್ತದಲ್ಲ, ಆ ಅಂಟನ್ನು ಗಂಧಕ ಸಡಿಲ ಮಾಡುತ್ತದೆ. ಬ್ಯಾಕ್ಟೀರಿಯಾವನ್ನೂ ಸ್ವಲ್ಪ ಹಿಡಿತದಲ್ಲಿಡುತ್ತದೆ. ನಿನ್ನ ಮೂಗಿನ ಪಕ್ಕದ ಬಿಳಿ ಚುಕ್ಕೆ ಕಡಿಮೆಯಾಗಿದ್ದು ಹೀಗೆ. ಚರ್ಮದ ಮೇಲೆ ಈ ಕೆಲಸ ನಡೆಯುವಾಗ ಹೈಡ್ರೋಜನ್ ಸಲ್ಫೈಡ್ ಅನ್ನುವ ಅನಿಲ ಒಂದಿಷ್ಟು ಹುಟ್ಟುತ್ತದೆ. ಕೊಳೆತ ಮೊಟ್ಟೆಯ ವಾಸನೆ ಅದರದ್ದೇ. ಬೆಳ್ಳಿಗೆ ಗಂಧಕ ತಾಗಿದರೆ ಸಿಲ್ವರ್ ಸಲ್ಫೈಡ್ ಆಗಿ ಕಪ್ಪಾಗುತ್ತದೆ. ಅದು ಲೋಹದ ಗುಣ, ಚರ್ಮ ಹಾಗೆ ಕಪ್ಪಾಗುವುದಿಲ್ಲ. ಅಮ್ಮನಿಗೆ ಧೈರ್ಯ ಹೇಳು.

ಆದರೆ ಸೋಪಿಗೆ ಒಂದು ಮಿತಿ ಇದೆ. ಅಮೆರಿಕದಲ್ಲಿ ಡಾಕ್ಟರ್ ಚೀಟಿ ಇಲ್ಲದೆ ಮಾರುವ ಮೊಡವೆ ಔಷಧಿಯಲ್ಲಿ ಗಂಧಕ ಶೇ. 3ರಿಂದ 10ರವರೆಗೆ ಇರಬಹುದು ಅಂತ ನಿಯಮವಿದೆ. ನಿನ್ನ ಸೋಪಿನ ಕವರ್ ಮೇಲೆ ಎಷ್ಟು ಅಂತ ಬರೆದಿದೆಯಾ ನೋಡು. ಎಷ್ಟೇ ಇದ್ದರೂ ಅದು ಮುಖದ ಮೇಲೆ ಇರೋದು ಒಂದೆರಡು ನಿಮಿಷ. ಅಷ್ಟರಲ್ಲಿ ಮೇಲಿನ ಜಿಡ್ಡು ಹೋಗುತ್ತದೆ, ಸಣ್ಣ ಚುಕ್ಕೆಗಳಿಗೆ ಸಹಾಯವಾಗುತ್ತದೆ. ಒಳಗೆ ಎಣ್ಣೆ ಮಾಡುವ ಗ್ರಂಥಿಗೆ ಸೋಪು ಏನೂ ಮಾಡುವುದಿಲ್ಲ. ಆ ಗ್ರಂಥಿ ಹಾರ್ಮೋನಿನ ಮಾತು ಕೇಳುತ್ತದೆ, ಸೋಪಿನ ಮಾತಲ್ಲ. ಮೂರು ಸಲ ತೊಳೆದರೂ ಐದು ಸಲ ತೊಳೆದರೂ ಎಣ್ಣೆ ಬಂದೇ ಬರುತ್ತದೆ. ಸೋಪು ಕ್ಷಾರ. ಸಾಮಾನ್ಯ ಸೋಪಿನ ಪಿಎಚ್ (ಹುಳಿ-ಕ್ಷಾರದ ಅಳತೆ) 9-10 ಇರುತ್ತದೆ, ನಮ್ಮ ಚರ್ಮದ್ದು 5ರ ಆಸುಪಾಸು. ಪದೇ ಪದೇ ಉಜ್ಜಿದರೆ ಚರ್ಮದ ಕಾವಲು ಪದರ ಹಾಳಾಗುತ್ತದೆ. ದಿನಕ್ಕೆ ಒಂದು ಸಲ, ರಾತ್ರಿ ಮನೆಗೆ ಬಂದ ಮೇಲೆ, ಒಂದು ನಿಮಿಷ ಸಾಕು. ಒಣಗಿತು ಅನ್ನಿಸಿದರೆ ದಿನ ಬಿಟ್ಟು ದಿನ. ಉಳಿದ ಹೊತ್ತು ಬರೀ ನೀರು.

ಇಷ್ಟು ಹೇಳಿದೆ, ಆದರೂ ನಿನ್ನ ಪ್ರಶ್ನೆಯಲ್ಲಿ ಒಂದು ಮಾತು ನನಗೆ ಸರಿ ಕಾಣುತ್ತಿಲ್ಲ. ಸೋಪಿಗೆ ಚರ್ಮ ಒಣಗುವುದು, ಸಿಪ್ಪೆ ಏಳುವುದು ಸಹಜ. ಬಿಸಿಲಿಗೆ ಹೋದ ಕೂಡಲೇ ಅಷ್ಟು ಉರಿ ಯಾಕೆ? ಸೋಪಲ್ಲದೆ ಮುಖಕ್ಕೆ ಬೇರೆ ಏನಾದರೂ ಹಚ್ಚುತ್ತೀಯಾ? ರಾತ್ರಿ ಕ್ರೀಮು? ಹಚ್ಚುತ್ತಿದ್ದರೆ ಟ್ಯೂಬಿನ ಹಿಂದೆ ಸಣ್ಣ ಅಕ್ಷರದಲ್ಲಿ ಏನಿದೆಯೋ ಹಾಗೇ ಬರೆ. ಹೆಸರು ಬೇಡ, ಒಳಗಿನ ಔಷಧಿ ಮಾತ್ರ.

ಬಿಸಿಲೂರ ಹುಡುಗ

ಅಕ್ಕಾ, ನೀವು ಕೇಳಿದ್ದು ಒಳ್ಳೆಯದಾಯಿತು. ಹೌದು, ರಾತ್ರಿ ಒಂದು ಕ್ರೀಮ್ ಹಚ್ಚುತ್ತೇನೆ. ಕಲೆ ಹೋಗಲಿ ಅಂತ ಇಲ್ಲೇ ಒಂದು ಅಂಗಡಿಯಲ್ಲಿ ಕೇಳಿದಾಗ ಕೊಟ್ಟಿದ್ದು. ಹೋದ ದಸರೆಯಿಂದ ಹಚ್ಚುತ್ತಿದ್ದೇನೆ. ಮೊದಮೊದಲು ಮುಖ ಎಷ್ಟು ಚೆನ್ನಾಗಿತ್ತು ಅಂದರೆ ಎಲ್ಲರೂ ಕೇಳೋರು. ಒಂದು ವಾರ ಬಿಟ್ಟರೆ ಮೊಡವೆ ಡಬಲ್ ಆಗಿ ಬರುತ್ತದೆ, ಅದಕ್ಕೆ ಬಿಟ್ಟಿಲ್ಲ.

ಟ್ಯೂಬಿನ ಮೇಲೆ ಹೀಗಿದೆ: ಹೈಡ್ರೋಕ್ವಿನೋನ್ ಶೇ. 2, ಟ್ರೆಟಿನಾಯಿನ್ ಶೇ. 0.025, ಮೊಮೆಟಾಸೋನ್ ಶೇ. 0.1.

ದಾವಣಗೆರೆ ಅಕ್ಕ

ಇದನ್ನೇ ಅಂದುಕೊಂಡಿದ್ದೆ ತಮ್ಮಾ. ಸೋಪಿನ ಮೇಲೆ ಹೊರಿಸಿದ ತಪ್ಪಿನಲ್ಲಿ ಹೆಚ್ಚಿನ ಪಾಲು ಈ ಟ್ಯೂಬಿನದ್ದು.

ಮೊಮೆಟಾಸೋನ್ ಅಂದರೆ ಸ್ಟೀರಾಯ್ಡ್. ಕೆಂಪು, ಊತ ಎಲ್ಲವನ್ನೂ ಬೇಗ ಅಡಗಿಸುತ್ತದೆ. ಅದಕ್ಕೇ ಮೊದಲ ವಾರಗಳಲ್ಲಿ ಮುಖ ಹೊಳೆಯುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಬಿಸಿಲು ತಡೆಯುವುದಿಲ್ಲ, ಕೆನ್ನೆಯಲ್ಲಿ ಸಣ್ಣ ರಕ್ತನಾಳಗಳು ಕೆಂಪು ಗೆರೆಯಂತೆ ಕಾಣುತ್ತವೆ, ಸ್ಟೀರಾಯ್ಡಿನಿಂದಲೇ ಹೊಸ ಮೊಡವೆ ಏಳುತ್ತವೆ. ಬಿಟ್ಟರೆ ಎಲ್ಲವೂ ಒಟ್ಟಿಗೆ ಉಕ್ಕುತ್ತವೆ. ಆಗ ಜನ ಕ್ರೀಮು ಬೇಕೇ ಬೇಕು ಅಂತ ಮತ್ತೆ ಹಚ್ಚುತ್ತಾರೆ. ಹೈಡ್ರೋಕ್ವಿನೋನ್ ಕಲೆಯ ಬಣ್ಣ ತಿಳಿ ಮಾಡುವ ಔಷಧಿ. ಟ್ರೆಟಿನಾಯಿನ್ ಒಳ್ಳೆಯ ಔಷಧಿ, ಆದರೆ ಅದೂ ಚರ್ಮದ ಮೇಲ್ಪದರ ಉದುರಿಸುತ್ತದೆ. ಅದರ ಜೊತೆ ದಿನಕ್ಕೆ ಮೂರು ಸಲ ಗಂಧಕದ ಸೋಪು ಅಂದರೆ ಎರಡು ಕಡೆಯಿಂದ ಸಿಪ್ಪೆ ಸುಲಿದಂತಾಯಿತು. ರಾಯಚೂರಿನ ಬಿಸಿಲಿನಲ್ಲಿ ಉರಿಯದೆ ಇನ್ನೇನು ಮಾಡುತ್ತದೆ?

ಈ ಮೂರೂ ಸೇರಿದ ಕ್ರೀಮು ಬಂಗಿನಂಥ ಕಪ್ಪು ಮಚ್ಚೆಗೆ ಡಾಕ್ಟರ್ ಕೆಲವು ವಾರಗಳಿಗೆ ಬರೆದುಕೊಡುವಂಥದ್ದು. ಮೊಡವೆ ಇರುವ ಮುಖಕ್ಕೆ ವರ್ಷಗಟ್ಟಲೆ ಹಚ್ಚುವ ಕ್ರೀಮಲ್ಲ. 2018ರಲ್ಲಿ ಸರ್ಕಾರ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್ ಪಟ್ಟಿಗೆ ತಂದಿತು. ಅಂದರೆ ಚೀಟಿ ಬೇಕು. ಆದರೂ ಕೈಗೆ ಸಿಗುತ್ತಿದೆ. ನನ್ನ ಅಂಗಡಿಗೆ ಖಾಲಿ ಟ್ಯೂಬ್ ಹಿಡಿದು "ಇದೇ ಕೊಡಿ ಆಂಟಿ" ಅಂತ ಹುಡುಗಿಯರು ಬರುತ್ತಾರೆ, ಮದುವೆ ಸೀಸನ್ನಿನಲ್ಲಂತೂ ಜಾಸ್ತಿ. ಕೊಡುವುದಿಲ್ಲ ಅಂದರೆ ಸಿಟ್ಟಿನಿಂದ ಹೋಗುತ್ತಾರೆ. ಹೋಗಲಿ, ನಾನು ಕೊಡುವುದಿಲ್ಲ. ಚೆನ್ನಾಗಿರುವ ಮುಖ ಹೀಗೆ ಹಾಳಾಗುವುದನ್ನು ನೋಡಿದರೆ ಸಂಕಟವಾಗುತ್ತದೆ.

ಈಗ ನೀನು ಮಾಡಬೇಕಾದ್ದು ಇಷ್ಟು. ಈ ವಾರವೇ ಚರ್ಮದ ಡಾಕ್ಟರ್ ಹತ್ತಿರ ಹೋಗು. ನಿಮ್ಮೂರ ಸರ್ಕಾರಿ ಆಸ್ಪತ್ರೆ ರಿಮ್ಸ್‌ನಲ್ಲಿ ಹೊರರೋಗಿಗಳನ್ನು ನೋಡುತ್ತಾರೆ, ಖರ್ಚೂ ಕಡಿಮೆ. ಕ್ರೀಮನ್ನು ಒಮ್ಮೆಗೇ ನಿಲ್ಲಿಸಬೇಕಾ, ಇಳಿಸುತ್ತಾ ಬರಬೇಕಾ ಅನ್ನೋದನ್ನು ಅವರೇ ಹೇಳಬೇಕು. ನಿಲ್ಲಿಸಿದಾಗ ಸ್ವಲ್ಪ ದಿನ ಮುಖ ಕೆಡುತ್ತದೆ, ಅದಕ್ಕೂ ಅವರು ಔಷಧಿ ಕೊಡುತ್ತಾರೆ. ಗಂಧಕದ ಸೋಪನ್ನು ಮಾತ್ರ ಇವತ್ತೇ ಎತ್ತಿಡು. ಅದು ಕೆಟ್ಟದ್ದು ಅಂತಲ್ಲ, ಉರಿಯುವ ಚರ್ಮಕ್ಕೆ ಅದು ಈಗ ಬೇಡ. ಸುವಾಸನೆ ಇಲ್ಲದ ಮೃದು ಫೇಸ್‌ವಾಶ್, ತೆಳು ಮಾಯಿಶ್ಚರೈಸರ್, ಹಗಲಿಗೆ ಎಸ್‌ಪಿಎಫ್ 30 ಇರುವ ಸನ್‌ಸ್ಕ್ರೀನ್. ಜೆಲ್ ರೂಪದ್ದು ತೆಗೆದುಕೊಂಡರೆ ಎಣ್ಣೆ ಚರ್ಮಕ್ಕೆ ಹಗುರ.

ಹಣೆಯ ತುರಿಸುವ ಗುಳ್ಳೆಗಳನ್ನು ಡಾಕ್ಟರಿಗೆ ಬೇರೆಯಾಗಿ ತೋರಿಸು. ಒಂದೇ ಅಳತೆ, ತುರಿಕೆ, ಬೆವರಿದಾಗ ಜಾಸ್ತಿ ಅಂದರೆ ಅದು ಮೊಡವೆ ಅಲ್ಲದೆಯೂ ಇರಬಹುದು. ಮಲಸೇಜಿಯಾ ಅನ್ನುವ ಶಿಲೀಂಧ್ರ ಕೂದಲ ಬುಡದಲ್ಲಿ ಬೆಳೆದರೂ ಹೀಗೇ ಆಗುತ್ತದೆ, ಸ್ಟೀರಾಯ್ಡ್ ಹಚ್ಚಿದವರಲ್ಲಿ ಇನ್ನೂ ಸುಲಭವಾಗಿ ಆಗುತ್ತದೆ. ಅದಕ್ಕೆ ಔಷಧಿಯೇ ಬೇರೆ.

ಕಲೆ ಬಗ್ಗೆ ನೀನು ಕೇಳಿದ್ದೆಯಲ್ಲ. ಗಂಧಕದಿಂದ ಕಲೆ ಹೋಗುವುದಿಲ್ಲ. ಬಿಸಿಲು ತಾಗದಂತೆ ನೋಡಿಕೊಂಡು, ಚಿವುಟದೆ ಇದ್ದರೆ ತಿಂಗಳುಗಳಲ್ಲಿ ತಾನೇ ತಿಳಿಯಾಗುತ್ತದೆ. ಅಜೆಲಾಯಿಕ್ ಆಸಿಡ್‌ನಂಥ ಔಷಧಿಗಳೂ ಇವೆ, ಆದರೆ ಚರ್ಮ ಶಾಂತವಾದ ಮೇಲೆ.

ಮಲ್ಲಿಗೆ ಮೊಗ್ಗು

ಅಕ್ಕಾ, ಮಧ್ಯದಲ್ಲಿ ನನ್ನದೂ ಎರಡು ಪ್ರಶ್ನೆ. ಮಗಳಿಗೆ 15, ಹಣೆ ತುಂಬಾ ಕಪ್ಪು ಚುಕ್ಕೆ, ಜಿಡ್ಡು. ನಮ್ಮತ್ತೆ ಗ್ರಂಧಿಗೆ ಅಂಗಡಿಯಿಂದ ಗಂಧಕದ ಪುಡಿ ತರಿಸಿ ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಹಚ್ಚು ಅಂತಾರೆ. ಅವರ ಕಾಲದಲ್ಲಿ ಕಜ್ಜಿ ಅದರಿಂದಲೇ ವಾಸಿಯಾಗುತ್ತಿತ್ತಂತೆ. ಮತ್ತೆ, ಮಗಳಿಗೆ ಚಿಕ್ಕವಳಿದ್ದಾಗ ಸಲ್ಫಾ ಮಾತ್ರೆಯಿಂದ ಅಲರ್ಜಿ ಆಗಿತ್ತು. ಗಂಧಕದ ಸೋಪು ಹಚ್ಚಬಹುದಾ?

ದಾವಣಗೆರೆ ಅಕ್ಕ

ಅತ್ತೆಯವರ ಮಾತು ಕಜ್ಜಿಯ ಮಟ್ಟಿಗೆ ನಿಜ. ಕಜ್ಜಿಯ ಹುಳಕ್ಕೆ ಗಂಧಕದ ಮುಲಾಮನ್ನು ಇವತ್ತಿಗೂ ಡಾಕ್ಟರುಗಳು ಬರೆಯುತ್ತಾರೆ, ಎಳೆ ಮಕ್ಕಳಿಗೆ, ಬಸುರಿಯರಿಗೆ ಕೂಡ. ಆದರೆ ಅದು ಅಳತೆ ಮಾಡಿ ಶುದ್ಧ ಗಂಧಕದಿಂದ ತಯಾರಿಸಿದ ಮುಲಾಮು. ಅಂಗಡಿಯ ಪುಡಿಯಲ್ಲಿ ಏನು ಬೆರೆತಿದೆ ಅಂತ ನಿಮಗೂ ಗೊತ್ತಾಗುವುದಿಲ್ಲ, ಮಾರುವವನಿಗೂ ಗೊತ್ತಿರುವುದಿಲ್ಲ. ಮೇಲಾಗಿ ಕೊಬ್ಬರಿ ಎಣ್ಣೆ ಮೊಡವೆ ಇರುವ ಹಣೆಗೆ ಸೇರುವುದಿಲ್ಲ, ರಂಧ್ರ ಮುಚ್ಚುತ್ತದೆ. ಮಗಳು ತಲೆಗೆ ಎಣ್ಣೆ ಹಚ್ಚಿ ಹಾಗೇ ಮಲಗುತ್ತಾಳಾ? ಅದನ್ನು ಮೊದಲು ನಿಲ್ಲಿಸಿ. ತಲೆಸ್ನಾನಕ್ಕೆ ಒಂದು ಗಂಟೆ ಮುಂಚೆ ಹಚ್ಚಿದರೆ ಸಾಕು, ಹಣೆಗೆ ಇಳಿಯದ ಹಾಗೆ.

ಸಲ್ಫಾ ಅನ್ನೋದು ಒಂದು ಜಾತಿಯ ಆಂಟಿಬಯೋಟಿಕ್ ಔಷಧಿ, ಗಂಧಕ ಬೇರೆ. ಸಲ್ಫಾ ಅಲರ್ಜಿ ಇದ್ದವರಿಗೆ ಗಂಧಕವೂ ಆಗುವುದಿಲ್ಲ ಅಂತೇನಿಲ್ಲ. ಆದರೆ ಕೆಲವು ಮೊಡವೆ ಲೋಷನ್‌ಗಳಲ್ಲಿ ಗಂಧಕದ ಜೊತೆ ಸೋಡಿಯಂ ಸಲ್ಫಾಸೆಟಮೈಡ್ ಇರುತ್ತದೆ. ಅದು ಸಲ್ಫಾ ಜಾತಿಯದ್ದೇ, ಅವಳಿಗೆ ಬೇಡ. ಸೋಪಾದರೆ ಮೊದಲು ಕಿವಿಯ ಹಿಂದೆ ಸ್ವಲ್ಪ ಜಾಗಕ್ಕೆ ಕೆಲವು ದಿನ ಹಚ್ಚಿ ನೋಡಿ. ಚರ್ಮ ತಡೆದುಕೊಂಡರೆ ದಿನ ಬಿಟ್ಟು ದಿನ, ಹಣೆಗೆ ಮಾತ್ರ. ಆರರಿಂದ ಎಂಟು ವಾರ ಕಾಯಿರಿ, ಒಂದು ವಾರಕ್ಕೆ ಏನೂ ಕಾಣುವುದಿಲ್ಲ. ಒಳಗೆ ಗಂಟು ಕಟ್ಟಿ ನೋಯುವ ಮೊಡವೆ ಶುರುವಾದರೆ ಸೋಪಿನಲ್ಲಿ ಕಾಲ ಕಳೆಯಬೇಡಿ, ಗುಂಡಿ ಬಿದ್ದರೆ ಆಮೇಲೆ ಸರಿ ಮಾಡುವುದು ಕಷ್ಟ. ಮುಟ್ಟು ಸರಿಯಾಗಿ ಆಗುತ್ತಿಲ್ಲ, ಗದ್ದದಲ್ಲಿ ಕೂದಲು ಬರುತ್ತಿದೆ ಅಂದರೂ ಡಾಕ್ಟರಿಗೆ ಹೇಳಿ.

ಮತ್ತೆ ಸೋಪು ತರುವಾಗ ಕವರ್ ಓದಿ. ಗಂಧಕದ ಸೋಪು ಕೇಳಿದರೆ ಕೆಲವರು ಟೆಟ್ಮೊಸಾಲ್ ಕೊಡುತ್ತಾರೆ. ಅದರಲ್ಲಿರುವುದು ಮೊನೊಸಲ್ಫಿರಾಮ್, ಅದು ಕಜ್ಜಿಗೆ ಇರುವ ಸೋಪು. ಮೊಡವೆಗಲ್ಲ.

ಬಿಸಿಲೂರ ಹುಡುಗ

ಅಕ್ಕಾ, ಸೋಮವಾರ ರಜೆ ಹಾಕಿ ರಿಮ್ಸ್‌ಗೆ ಹೋಗುತ್ತೇನೆ. ಕೆನ್ನೆ ಹತ್ತಿರದಿಂದ ನೋಡಿದೆ, ನೀವು ಹೇಳಿದ ಕೆಂಪು ಗೆರೆ ನಿಜವಾಗಿಯೂ ಇವೆ. ಇಷ್ಟು ದಿನ ಬಿಸಿಲಿಗೆ ಅಂದುಕೊಂಡಿದ್ದೆ. ನಮ್ಮ ಆಫೀಸಿನಲ್ಲಿ ಇನ್ನಿಬ್ಬರು ಇದೇ ಟ್ಯೂಬ್ ಹಚ್ಚುತ್ತಾರೆ, ಅವರಿಗೂ ಇದನ್ನು ಓದಿಸಿದೆ. ಮದುವೆ ಹೊತ್ತಿಗೆ ಮುಖ ಸರಿಹೋಗುತ್ತದಾ?

ದಾವಣಗೆರೆ ಅಕ್ಕ

ಒಂದು ತಿಂಗಳಿಗೆ ಪೂರ್ತಿ ಸರಿಹೋಗುವುದು ಕಷ್ಟ ತಮ್ಮಾ. ಉರಿ ಕಡಿಮೆಯಾಗಬಹುದು. ಫೋಟೋಗೋಸ್ಕರ ಮಾತ್ರ ಮತ್ತೆ ಆ ಟ್ಯೂಬ್ ತೆಗೆಯಬೇಡ, ಬ್ಲೀಚ್, ಫೇಶಿಯಲ್ ಕೂಡ ಮಾಡಿಸಬೇಡ. ಆ ಇಬ್ಬರನ್ನೂ ಸೋಮವಾರ ಜೊತೆಗೇ ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು.

ಹೋಗುವಾಗ ಟ್ಯೂಬ್ ಮತ್ತು ಸೋಪಿನ ಕವರ್ ಜೇಬಿನಲ್ಲಿ ಇಟ್ಟುಕೊ. ಯಾವಾಗಿನಿಂದ ಹಚ್ಚುತ್ತಿದ್ದೀಯ ಅಂತ ಮುಚ್ಚಿಡದೆ ಹೇಳು. ಹೆಲ್ಮೆಟ್ ಮಾತ್ರ ಬಿಡಬೇಡ. ಒಳಗಿನ ಸ್ಪಂಜು ಬಿಚ್ಚಲು ಬಂದರೆ ಭಾನುವಾರ ತೊಳೆದು ಬಿಸಿಲಿಗೆ ಹಾಕು, ಒಳಗೆ ತೆಳು ಹತ್ತಿ ಬಟ್ಟೆ ಕಟ್ಟಿಕೊ, ಅದನ್ನು ದಿನಾ ಬದಲಿಸು. ಡಾಕ್ಟರ್ ಏನು ಬರೆದುಕೊಟ್ಟರು ಅಂತ ಇಲ್ಲಿ ತಿಳಿಸು, ಹೇಗೆ ಹಚ್ಚಬೇಕು ಅಂತ ಗೊಂದಲವಿದ್ದರೆ ಹೇಳುತ್ತೇನೆ.